ಹೋಮ್‌ಸ್ಟೇಗೆ ಮೊದಲು ಮನೆಯ ಮಾಡು (ಛಾವಣಿ) ನೋಡಿ

ಮಾನ್ಯ ಸಂಪಾದಕರೇ,

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ನಡುವೆ ತೆರೆದ ಅಂಗಳವಿರುವ ಹಳೆಯ ಚೌಕಿಮನೆಗಳು ಒಂದೊಂದಾಗಿ ಹೋಮ್‌ಸ್ಟೇ ಆಗುತ್ತಿವೆ. ಬೀಗ ಜಡಿದು ಗೆದ್ದಲಿಗೆ ಬಿಡುವುದಕ್ಕಿಂತ ಮೇಲು. ಆದರೆ ಸಾಲ ತಂದ ದುಡ್ಡು ಮೊದಲು ಹೋಗುವುದು ಎ.ಸಿ.ಗೆ, ಟೈಲ್ಸಿಗೆ, ಸಿಮೆಂಟಿಗೆ. ಎಡವಟ್ಟಾಗುವುದು ಅಲ್ಲೇ.

ಚಿರೆಕಲ್ಲಿನ (ಜಂಬಿಟ್ಟಿಗೆಯ) ಗೋಡೆ ಮಳೆಗಾಲದಲ್ಲಿ ನೀರು ಹೀರಿ ಬೇಸಿಗೆಯಲ್ಲಿ ಬಿಡುತ್ತದೆ. ಅದಕ್ಕೆ ಸಿಮೆಂಟ್ ಗಿಲಾವು ಮಾಡಿ ಪ್ಲಾಸ್ಟಿಕ್ ಪೇಂಟ್ ಬಳಿದರೆ ತೇವ ಹೊರಹೋಗಲು ದಾರಿಯಿಲ್ಲ. ಗೋಡೆಯೊಳಗಿನ ತೊಲೆಯ ತುದಿ ಮೊದಲು ಕೊಳೆಯುತ್ತದೆ. ಗೊತ್ತಾಗುವಷ್ಟರಲ್ಲಿ ಮೆತ್ತು (ಮೇಲಂತಸ್ತು) ಜಗ್ಗಿರುತ್ತದೆ. ಸುಣ್ಣದ ಗಾರೆಯೇ ಸರಿ. ಹದಿನೈದು ದಿನವಾದರೂ ನೀರಲ್ಲಿ ನೆನೆದ ಸುಣ್ಣ ಒಂದು ಪಾಲು, ತೊಳೆದ ಮರಳು ಮೂರು ಪಾಲು. ಒಂದು ಸಲಕ್ಕೆ ಅರ್ಧ ಇಂಚಿಗಿಂತ ದಪ್ಪ ಬೇಡ, ಒಂದು ವಾರ ತೇವ ಆರಬಾರದು. ಡಿಸೆಂಬರ್, ಜನವರಿ ಹೇಳಿಮಾಡಿಸಿದ ಕಾಲ. ಏಪ್ರಿಲ್ ಬಿಸಿಲಿಗೆ ಬೇಗ ಒಣಗಿ ಬಿರಿಯುತ್ತದೆ. ಬಚ್ಚಲನ್ನು ಮೆತ್ತಿನ ಮೇಲೆ ಏರಿಸಬೇಡಿ. ಹಿತ್ತಲ ಕಡೆ ಬೇರೆ ಅಡಿಪಾಯ ಹಾಕಿ ಕಟ್ಟಿ.

ಅಡುಗೆ ಒಲೆ, ಅಡಿಕೆ ಬೇಯಿಸುವ ಒಲೆಗಳ ಹೊಗೆ ಹತ್ತಿದ ಪಕಾಸಿಗೆ (ಮಾಡಿನ ಹಂಚು ಹೊರುವ ಮರಕ್ಕೆ) ಹುಳದ ಕಾಟ ಕಡಿಮೆಯಿತ್ತು. ಗ್ಯಾಸ್ ಬಂದ ಮನೆಯಲ್ಲಿ ಆ ಕೆಲಸ ಗೇರುಬೀಜದ ಸಿಪ್ಪೆಯ ಎಣ್ಣೆ ಮಾಡಬೇಕು. ಮೈಗೆ ತಗುಲಿದರೆ ಬೊಬ್ಬೆ ಏಳುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ನೂರು ಚದರಡಿ ಮಾಡಿಗೆ ಸುಮಾರು 150 ಮಂಗಳೂರು ಹಂಚು ಬೇಕು. ಮೇ ಮುಗಿಯುವ ಮೊದಲು ಹಂಚು ಬಿಚ್ಚಿ ನೋಡಿ ಮತ್ತೆ ಜೋಡಿಸಲೇಬೇಕು. ಮಂಗಗಳು ಒಡೆದದ್ದು ಕೆಳಗಿನಿಂದ ಕಾಣುವುದಿಲ್ಲ. ಒಂದು ಕಾರ್ಖಾನೆಯ ಹಂಚು ಇನ್ನೊಂದರದ್ದರ ಜೊತೆ ಸರಿಯಾಗಿ ಕೂರುವುದಿಲ್ಲ, ಹಳೆಯ ಕಾರ್ಖಾನೆಗಳಲ್ಲಿ ಎಷ್ಟೋ ಮುಚ್ಚಿವೆ. ಊರಲ್ಲಿ ಯಾವುದಾದರೂ ಮನೆ ಕೆಡವಿದರೆ ಅದೇ ಮುದ್ರೆಯವನ್ನು ಆರಿಸಿ ತಂದು ಅಟ್ಟಿ ಹಾಕಿಡಿ.

ಲೆಕ್ಕದ ವಿಚಾರ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವಾರ ಕೋಣೆ ತುಂಬಿತೆಂದು ಅದನ್ನೇ ವರ್ಷದ ಆದಾಯ ಎಂದುಕೊಳ್ಳಬಾರದು. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವ ಮೊದಲೇ ಮಾಡಿನ ದುರಸ್ತಿಯ ದುಡ್ಡು ಬೇರೆ ಖಾತೆಗೆ ಹೋಗಲಿ. ಪಂಚಾಯಿತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11 ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ ಮೊದಲು ಅದನ್ನು ಸರಿಮಾಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಬಿಟ್ಟು ಬರೆದ ಒಪ್ಪಂದ ಬ್ಯಾಂಕಿನಲ್ಲೇ ಸಿಕ್ಕಿಬೀಳುತ್ತದೆ.

ಪ್ರವಾಸೋದ್ಯಮ ಇಲಾಖೆಗೆ ಒಂದು ಕೋರಿಕೆ: ಸುಣ್ಣದ ಗಾರೆ ಬಲ್ಲ ಮೇಸ್ತ್ರಿಗಳಿಗೆ ಈಗ ವಯಸ್ಸಾಗಿದೆ. ಅವರ ಕೈಕೆಳಗೆ ಕಲಿಯುವ ಹುಡುಗರಿಗೆ ಒಂದು ಚಳಿಗಾಲದ ದಿನಗೂಲಿ ಕೊಡಲಿ. ಅದಕ್ಕೆ ಹೊಸ ಕಟ್ಟಡವೇನೂ ಬೇಕಿಲ್ಲ.

– ಓದುಗರು, ಶಿರಸಿ