ಲ್ಯಾಬಿನ ಮೆಟ್ಟಿಲಲ್ಲಿ ಸಿಕ್ಕ ಅಕ್ಕನಿಗೆ

ಮಂಗಳೂರಿನ ಆ ಪ್ರೋಟೀನ್ ಲ್ಯಾಬಿನ ಟೆಕ್ನಿಷಿಯನ್ ಅಕ್ಕ, ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳುವುದೇ ಮರೆತುಹೋಯಿತು.

ಆಟಿಯ ಜೋರು ಮಳೆ. ಸ್ತನ ಕ್ಯಾನ್ಸರ್ ಕೋಶಗಳಿಂದ ತೆಗೆದ 12 ಪ್ರೋಟೀನ್ ಸ್ಯಾಂಪಲ್ ಹಿಡಿದು ಕಾಸರಗೋಡಿನಲ್ಲಿ ಬಸ್ ಹತ್ತಿದ್ದೆ. ಎಂಟು ತಿಂಗಳ ಕೆಲಸ ಅದು. ತಲಪಾಡಿ ಹತ್ತಿರ ಬಸ್ ಕೆಟ್ಟು ನಿಂತಿತು. ಸ್ಯಾಂಪಲ್ ತಣ್ಣಗಿರಲು ಹಾಕಿದ್ದ ಡ್ರೈ ಐಸ್ (ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್) ಕರಗಿ ನೀರಾಗುವುದಿಲ್ಲ, ಸುಮ್ನೆ ಗಾಳಿಯಾಗಿ ಹೋಗುತ್ತದೆ. ಮಡಿಲಲ್ಲಿದ್ದ ಡಬ್ಬಿ ಹಗುರಾಗುತ್ತಾ ಬಂತು. ನನಗೆ ಕೈಕಾಲೇ ಆಡಲಿಲ್ಲ.

ತಲುಪಿದಾಗ ಆರೂವರೆ. ನೀವು ಬ್ಯಾಗ್ ಹಾಕಿಕೊಂಡು ಮೆಟ್ಟಿಲು ಇಳಿಯುತ್ತಿದ್ದಿರಿ. ನನ್ನ ಮುಖ ನೋಡಿದ್ದೇ ತಡ, ಏನೂ ಕೇಳದೆ ವಾಪಸ್ ಹತ್ತಿದಿರಿ. ಮುಚ್ಚಳ ತೆಗೆದರೆ ಉಗುರಿನಷ್ಟು ನಾಲ್ಕು ಚೂರು ಉಳಿದಿತ್ತು. "ಸ್ಯಾಂಪಲ್ ಇನ್ನೂ ಗಟ್ಟಿ ಉಂಟು, ಹೆದರಬೇಡ ಮಾರಾಯ್ತಿ" ಎಂದಿರಿ. ಅಳಿಸಿಹೋಗಿದ್ದ ನಂಬರುಗಳನ್ನು ನನ್ನಿಂದ ಹೇಳಿಸಿ, ಹೊಸದಾಗಿ ಬರೆದು, ಮೈನಸ್ 80 ಡಿಗ್ರಿ ಫ್ರೀಜರಿಗೆ ಇಟ್ಟಿರಿ. ಆಗ ಬಿಟ್ಟ ಉಸಿರು ಈಗಲೂ ನೆನಪಿದೆ.

ಆಮೇಲೆ ಫಾರ್ಮ್ ನೋಡಿ, "ಬಫರಿನಲ್ಲಿ ಎಸ್‌ಡಿಎಸ್ ಇದೆ ಅಲ್ವಾ?" ಎಂದು ಕೇಳಿದಿರಿ. ಪ್ರೋಟೀನ್ ಕರಗಿಸಿದ್ದ ಆ ದ್ರಾವಣದಲ್ಲಿ ಅದು ಇತ್ತು. ಸೋಪಿನಂಥ ಆ ವಸ್ತು ಹಾಗೇ ಉಳಿದರೆ ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಪ್ರೋಟೀನಿನ ಚೂರುಗಳಾದ ಪೆಪ್ಟೈಡ್‌ಗಳ ಸಿಗ್ನಲ್ ಮುಳುಗಿಹೋಗುತ್ತದೆ. ನಾನು ಯೋಚಿಸಿಯೇ ಇರಲಿಲ್ಲ! ತಣ್ಣನೆ ಅಸಿಟೋನಿನಲ್ಲಿ ಪ್ರೋಟೀನನ್ನು ಕೆಳಗೆ ಕೂರಿಸಿ ತೊಳೆಯುವ ಕ್ರಮವನ್ನು ಹಳೇ ಬಿಲ್ಲಿನ ಹಿಂದೆ ಬರೆದುಕೊಟ್ಟಿರಿ. "ಈ ಸಲದ್ದು ನಾನೇ ತೊಳೆಯುತ್ತೇನೆ, ನೀನು ಬಸ್ ಹಿಡಿ" ಎಂದಿರಿ.

ಮೊನ್ನೆ ಡೇಟಾ ಬಂತು. 12ಕ್ಕೆ 12 ಸ್ಯಾಂಪಲ್ ಚೆನ್ನಾಗಿ ಬಂದಿವೆ. ಆ ಬಿಲ್ಲು ಕುಂಬಳೆಯ ನನ್ನ ಮೇಜಿನ ಮೇಲೆ, ಗೋಡೆಗೆ ಅಂಟಿಸಿಟ್ಟಿದ್ದೇನೆ. ತುಂಬಾ ಥ್ಯಾಂಕ್ಸ್ ಅಕ್ಕ.