ಹೊಳವಿನ ದಿನ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ಪಕ್ಕದ ಮೇಜಿನವರು ಮುಖ ಕೊಟ್ಟು ಮಾತಾಡುವುದಿಲ್ಲ, ಐದು ಹೊಡೆಯುವುದೇ ತಡ ಬ್ಯಾಗ್ ಎತ್ತಿಕೊಂಡು ಹೊರಡುತ್ತಾರೆ, ಬಲು ಸೊಕ್ಕು ಅಂದೆಯಲ್ಲ, ಆ ಮಾತು ಎರಡು ದಿನದಿಂದ ತಲೆಯಲ್ಲೇ ಇದೆ. ಅದೇ ಮಾತನ್ನು ನಾನೂ ಒಮ್ಮೆ ಆಡಿ ನೊಂದುಕೊಂಡಿದ್ದೇನೆ.

ನಿನ್ನ ಅಕ್ಕನ ಸೀಮಂತಕ್ಕೆ ಕೆಳಗಿನ ಮನೆಯವರು ಬರಲಿಲ್ಲ. ಸಂಕ ದಾಟಿದರೆ ನಮ್ಮ ಮನೆ, ಕುಂಕುಮ ಕೊಟ್ಟು ಕರೆದಿದ್ದೆ. ನಾಲ್ಕು ಜನರ ಎದುರೇ ‘ಸೊಕ್ಕು’ ಅಂದುಬಿಟ್ಟೆ. ಮೂರು ದಿನ ಬಿಟ್ಟು ಹೆಪ್ಪು ಕೇಳುವ ನೆವ ಮಾಡಿಕೊಂಡು ಹೋದೆ. ಜಗಲಿಯ ಮೂಲೆಯಲ್ಲಿ ಉದುರಿದ ಹಸಿ ಅಡಿಕೆಯ ರಾಶಿ, ಮೇಲೆಲ್ಲ ಬಿಳಿ ಬೂಸ್ಟು. ಕೊಳೆರೋಗ. ತಂತಿಯ ಮೇಲೆ ಒಣಗದ ಅಂಗಿ, ತೋಳಿನುದ್ದಕ್ಕೂ ಕೊಳೆ ಔಷಧಿಗೆ ಹಾಕುವ ಮೈಲುತುತ್ತದ ನೀಲಿ ಕಲೆ. ಹದಿನೈದು ದಿನದ ಜಡಿಮಳೆ ಬಿಟ್ಟು ಹೊಳವಾಗಿದ್ದು ಸೀಮಂತದ ದಿನವೇ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಕ್ಕಿದ್ದೂ ಅಂದೇ. ಮಳೆಯಲ್ಲಿ ಹೊಡೆದ ಬೋರ್ಡೋ ಔಷಧಿ ಗೊನೆಯ ಮೇಲೆ ನಿಲ್ಲುತ್ತದೆಯೇ? ಅಂದು ಬೆಳಿಗ್ಗೆ ಬಿಸಿಲು ಕಂಡು, ನಮ್ಮ ಕಾರ್ಯಕ್ಕೆಂದೇ ದೇವರು ಹೊಳವು ಕೊಟ್ಟ ಎಂದು ಕೈಮುಗಿದಿದ್ದೆ. ಅದೇ ಬಿಸಿಲಿಗೆ ಅವರು ತೋಟಕ್ಕಿಳಿದಿದ್ದರು.

“ಒಂದು ಮಾತು ಹೇಳಿ ಹೋಗಬಹುದಿತ್ತಲ್ಲೇ” ಅಂದೆ.

“ಹೇಳಕ್ಕೆ ಬಂದ್ರೆ ಊಟ ಮಾಡ್ದೆ ಬಿಡ್ತಿದ್ರಾ ಅಕ್ಕ?” ಅಂದಳು ಆ ಮನೆಯಾಕೆ, ಕಣ್ಣು ತುಂಬಿಕೊಂಡು.

ಮನಶ್ಶಾಸ್ತ್ರದ ಪಾಠದಲ್ಲಿ ಓದಿದ್ದೊಂದಿದೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬಿಬ್ಬರು ಸಂಶೋಧಕರು, ಪಾದ್ರಿಯಾಗಲು ಓದುತ್ತಿದ್ದ ಹುಡುಗರನ್ನು ಭಾಷಣಕ್ಕೆಂದು ಬೇರೆ ಕಟ್ಟಡಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ನರಳುತ್ತ ಕುಸಿದು ಕೂತಿದ್ದ. ಅವನನ್ನು ಹಾಗೆ ಕೂರಿಸಿದವರೂ ಆ ಸಂಶೋಧಕರೇ. ಹೊತ್ತಾಯಿತು, ಓಡು ಅನ್ನಿಸಿಕೊಂಡವರಲ್ಲಿ ನೂರಕ್ಕೆ 10 ಮಂದಿ ನೆರವಿಗೆ ನಿಂತರು, ಬಿಡುವಿದ್ದವರಲ್ಲಿ 63. ಕೆಲವರಂತೂ ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ಬೈಬಲ್ ಕಥೆಯ ಬಗ್ಗೆಯೇ ಮಾತಾಡಲು ಹೊರಟವರು! 1973ರಲ್ಲಿ ಅಚ್ಚಾದ ಅಧ್ಯಯನ ಅದು. ಹೊತ್ತಿನ ಒತ್ತಡ ಒಳ್ಳೆಯವರನ್ನೂ ಹಾಗೆ ದಾಟಿಸಿಕೊಂಡು ಹೋಗುತ್ತದೆ. ನಾವು ಹೋಗದಿದ್ದರೆ ಮಳೆ, ಬಸ್ಸು, ಜ್ವರ ಅಂತ ನೂರು ಕಾರಣ ಹೇಳುತ್ತೇವೆ. ಬೇರೆಯವರು ಬರದಿದ್ದರೆ ಅವರ ಗುಣಕ್ಕೇ ಕೈ ಹಾಕುತ್ತೇವೆ.

ಹಾಗಂತ ಎಲ್ಲ ಸಹಿಸು ಅನ್ನುತ್ತಿಲ್ಲ ಮಗಾ. ಕಾರಣ ತಿಳಿಯಿತೆಂದು ತಪ್ಪು ಸರಿಯಾಗುವುದಿಲ್ಲ. ಯಾರಾದರೂ ನಿನ್ನನ್ನು ಹೀಯಾಳಿಸಿದರೆ ಅಲ್ಲೇ ಹೇಳು. ಆದರೆ ಇವರು ನಿನಗೆ ಮಾಡಿದ್ದೇನು? ಬೇಗ ಮನೆಗೆ ಹೋಗುತ್ತಾರೆ, ಅಷ್ಟೇ. ಭದ್ರಾವತಿಯ ಬಸ್ಸಿಗೆ ಓಡುತ್ತಾರೋ, ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೋ, ನಿನಗೆ ಗೊತ್ತಿಲ್ಲ. ಯಾಕೆ ಅಂತ ಕೆದಕಬೇಡ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ “ಬನ್ನಿ, ಒಟ್ಟಿಗೆ ಕೂರೋಣ” ಅಂದು ನೋಡು. ಒಂದು ಸಲಕ್ಕೆ ಬರಲಿಕ್ಕಿಲ್ಲ, ಇನ್ನೊಂದು ಸಲ ಕರಿ.

ಶನಿವಾರದ ಬಸ್ಸಿಗೆ ಅಪ್ಪೆಮಿಡಿ ಕಳಿಸುತ್ತೇನೆ. ಎರಡು ಭರಣಿ ಇರುತ್ತವೆ, ಚಿಕ್ಕದು ಅವರಿಗೆ.

ನಿನ್ನ ದೊಡ್ಡಮ್ಮ