ಕ್ಯಾಸೆಟ್ ಭಂಗಾರಕ್ಕೆ (ಗುಜರಿಗೆ) ಹಾಕೋ ಮುಂಚೆ ಒಂದ್ಸಲ ಇದನ್ನ ಓದಿ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ಡೊಂಬಿವಲಿಯಲ್ಲಿ ನಮ್ಮ ಪರಿಚಯದವರೊಬ್ರು ಮನೆ ಖಾಲಿ ಮಾಡುವಾಗ ಒಂದು ಚೀಲ ಮಿನಿಡಿವಿ (ಹಳೇ ವಿಡಿಯೋ ಕ್ಯಾಮೆರಾಗೆ ಹಾಕೋ ಸಣ್ಣ ಟೇಪು) ಕ್ಯಾಸೆಟ್ ಭಂಗಾರದವನಿಗೆ ಕೊಟ್ಟುಬಿಟ್ರಂತೆ. ತಾಳಮದ್ದಳೆ, ಮದುವೆ, ಮಕ್ಕಳ ನಾಮಕರಣ ಎಲ್ಲಾ ಅದ್ರಲ್ಲೇ ಇತ್ತು. ಯಾಕೆ ಅಂತ ಕೇಳಿದ್ರೆ ಹಾಕಿ ನೋಡೋಕೆ ಏನೂ ಇಲ್ವಲ್ಲ ಅಂದ್ರು, ನಂಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರ್ಲಿಲ್ಲ.

2005ರ ಜುಲೈ 26ರ ಮುಂಬೈ ಮಳೆಗೆ ಕುರ್ಲಾದ ನಮ್ಮ ನೆಲಮಹಡಿ ಮನೇಲಿ ಇದ್ದ ವಿಎಚ್ಎಸ್ ಕ್ಯಾಸೆಟ್ ಎಲ್ಲಾ ನೀರು ಪಾಲಾಯ್ತು, ಅಟ್ಟದ ಮೇಲಿದ್ದ 12 ಮಿನಿಡಿವಿ ಮಾತ್ರ ಉಳೀತು. ಅದನ್ನ ಹೋದ ವರ್ಷ ನಾನೇ ಕಂಪ್ಯೂಟರಿಗೆ ಇಳಿಸ್ದೆ. ಹಳೇ ಡೆಸ್ಕ್‌ಟಾಪು, ಹಿಂದೆ ಫೈರ್‌ವೈರ್ ಪೋರ್ಟ್ (ವಿಡಿಯೋ ಕ್ಯಾಮೆರಾ ಜೋಡಿಸೋ ಕಿಂಡಿ) ಇತ್ತು, ಲಿನಕ್ಸ್ ಮಿಂಟ್ ಅನ್ನೋ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿದೆ, ಕ್ಯಾಮೆರಾ ಜೋಡಿಸಿ ಡಿವಿಗ್ರ್ಯಾಬ್ ಅನ್ನೋ ಪುಕ್ಕಟೆ ಪ್ರೋಗ್ರಾಂ ಓಡಿಸಿದ್ರೆ ಕ್ಯಾಮೆರಾದಲ್ಲಿ ಟೇಪು ತಾನಾಗೇ ತಿರುಗೋಕೆ ಶುರು. ಒಂದು ಗಂಟೆ ಟೇಪಿಗೆ ಒಂದು ಗಂಟೆನೇ ಬೇಕು, ಸುಮಾರು 13 ಜಿಬಿ ಜಾಗ ಹಿಡಿಯುತ್ತೆ. ಆದ್ರೆ ಟೇಪಿನಲ್ಲಿರೋದು ಮೊದಲೇ ಡಿಜಿಟಲ್ ಆದ್ದರಿಂದ ಇದ್ದದ್ದು ಇದ್ದ ಹಾಗೇ ಬರುತ್ತೆ. ಆಪಲ್‌ನವರು ತಮ್ಮ ಕಂಪ್ಯೂಟರಿನ 2025ರ ಸಿಸ್ಟಮ್ ಮ್ಯಾಕ್ಓಎಸ್ ಟಾಹೋದಲ್ಲಿ ಫೈರ್‌ವೈರ್ ತೆಗೆದೇ ಬಿಟ್ರು, ಲಿನಕ್ಸ್‌ನಲ್ಲಿ ಇನ್ನೂ ನಡೀತದೆ.

ಎಡಿಟಿಂಗ್‌ಗೆ ಕೆಡೆನ್‌ಲೈವ್ ಅನ್ನೋ ಪ್ರೋಗ್ರಾಂ ಸಾಕು, ಅದೂ ಪುಕ್ಕಟೆ. ಮೊದಲ ದಿನ ಚೆಂಡೆ ಬಾರಿಸೋರ ಕೈ ಬಾಚಣಿಗೆ ಹಲ್ಲಿನ ಥರ ಸೀಳಿ ಕಾಣ್ತಿತ್ತು, ಟೇಪೇ ಹಾಳಾಗಿದೆ ಅಂತ ಎದೆ ಧಸಕ್ ಅಂತು. ಆಮೇಲೆ ಗೊತ್ತಾಯ್ತು, ಆ ಕಾಲದ ವಿಡಿಯೋದಲ್ಲಿ ಸೆಕೆಂಡಿಗೆ 25 ಚಿತ್ರ, ಪ್ರತಿ ಚಿತ್ರದಲ್ಲೂ ಬೇರೆ ಬೇರೆ ಕ್ಷಣದ ಎರಡು ಅರ್ಧ ಹೆಣೆದಿರ್ತಾವೆ, ಅದನ್ನ ಬಿಡಿಸಿದ್ರೆ, ಅಂದ್ರೆ ಡಿಇಂಟರ್‌ಲೇಸ್ ಮಾಡಿದ್ರೆ ಸರಿಹೋಗುತ್ತೆ. ಕಂಪ್ಯೂಟರ್ ತಡವರಿಸಿದ್ರೆ ಪ್ರಾಕ್ಸಿ ಕ್ಲಿಪ್ (ಎಡಿಟಿಂಗ್ ಹೊತ್ತಿಗೆ ಬಳಸೋ ಹಗುರಾದ ನಕಲು) ಆನ್ ಮಾಡ್ಬೇಕು ಅಷ್ಟೇ. ಟೈಟಲ್‌ಗೆ ಯೂನಿಕೋಡ್ ಫಾಂಟ್ ಹಾಕಿ ಭಾಗವತರ ಹೆಸರು ಕನ್ನಡದಲ್ಲಿ ಟೈಪ್ ಮಾಡಿದೆ, ಒತ್ತಕ್ಷರ ಸಹಿತ ಚೆನ್ನಾಗಿ ಬಂತು, ಅವರ ಮಗಳಿಗೆ ತೋರಿಸಿದಾಗ ಅವರು ಅಪ್ಪನ ದನಿ ಕೇಳ್ತಾ ಜಾಗಟೆ ನಿಲ್ಲೋವರೆಗೂ ಒಂದು ಮಾತೂ ಆಡ್ಲಿಲ್ಲ.

ನಮ್ಮ ಮಾಟುಂಗ, ಮಾಹಿಮ್ ಕಡೆಯ ಕನ್ನಡ ಸಂಘಗಳಿಗೆ ನನ್ನ ಕೈಮುಗಿದ ವಿನಂತಿ ಇಷ್ಟೇ. ಒಂದು ಕೋಣೆ, ಒಂದು ಹಳೇ ಕಂಪ್ಯೂಟರು, ಭಾನುವಾರ ಎರಡು ಮೂರು ಹುಡುಗರು ಸಿಕ್ಕಿದ್ರೆ ಸಾಕು, ಯಾರ್ಯಾರ ಮನೇಲಿ ಕ್ಯಾಸೆಟ್ ಇದೆಯೋ ಅವರು ತಂದುಕೊಡಲಿ. ಬೂಷ್ಟು ಹಿಡಿದ ಟೇಪು ಮಾತ್ರ ಹಾಗೇ ಕ್ಯಾಮೆರಾಗೆ ಹಾಕ್ಬೇಡಿ, ಟೇಪು ಓದೋ ಹೆಡ್ಡು ಹೋಗುತ್ತೆ, ಅದನ್ನ ಬೇರೆ ಇಟ್ಟು ಗೊತ್ತಿದ್ದವರ ಹತ್ರ ಸ್ವಚ್ಛ ಮಾಡಿಸ್ಬೇಕು. ಇನ್ನೊಂದು ಮಳೆಗಾಲ ಬರೋದ್ರೊಳಗೆ ಶುರುವಾದ್ರೆ ಒಳ್ಳೇದು. ಈಗ ಎಲ್ಲಕ್ಕಿಂತ ಸಿಗದೇ ಇರೋದು ಟೇಪು ಓಡಿಸೋ ಕ್ಯಾಮೆರಾ. ನನ್ನದು ಇನ್ನೂ ಓಡ್ತಿದೆ, ನಾಲ್ಕು ಪಿನ್ನಿಂದ ಆರು ಪಿನ್ನಿನ ಫೈರ್‌ವೈರ್ ಕೇಬಲ್ಲೂ ಇದೆ, ಯಾವ ಸಂಘದವರು ಕೇಳಿದ್ರೂ ತಂದುಕೊಟ್ಟು ಮೊದಲ ಭಾನುವಾರ ನಾನೇ ಕೂತು ತೋರಿಸಿಕೊಡ್ತೀನಿ.

ನಿಮ್ಮ ಓದುಗ,
ಡೊಂಬಿವಲಿ